ಗೋವಿನಜೋಳದ ಬೆಲೆ ಕುಸಿದಾಗ: ಕಾಳಿನ ತಳಿಯೋ, ಮೇವಿನ ತಳಿಯೋ?



2025ರ ಮುಂಗಾರಿನ ಗೋವಿನಜೋಳ ಮಾರುಕಟ್ಟೆಗೆ ಬಂದಾಗ ಏನಾಯಿತು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಎಷ್ಟೋ ರೈತರಿಗೆ 2,000 ರೂಪಾಯಿಯೂ ಕೈಗೆ ಬರಲಿಲ್ಲ. ಹಾವೇರಿ, ಗದಗ ಜಿಲ್ಲೆಗಳ ರೈತರು ಖರೀದಿ ಕೇಂದ್ರ ತೆರೆಯಿರಿ ಎಂದು ರಸ್ತೆಗಿಳಿದರು.

ಆ ನಂತರ ಹಳ್ಳಿಗಳಿಗೆ ಚಿಕಿತ್ಸೆಗೆಂದು ಹೋದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತಿದೆ: “ಡಾಕ್ಟ್ರೇ, ಮುಂದಿನ ಸಲ ಕಾಳಿನ ಬೀಜ ಬಿಟ್ಟು ಮೇವಿನ ಬೀಜ ಹಾಕಿದರೆ ಹೇಗೆ?” ಕೆಲವರು ಆಫ್ರಿಕನ್ ಟಾಲ್ ಕೇಳುತ್ತಾರೆ, ಕೆಲವರು ಬಹುಕಟಾವು ಮೇವಿನ ಜೋಳ, ಇನ್ನು ಕೆಲವರು ನೇಪಿಯರ್ ಹುಲ್ಲು. ಹೊಲದಲ್ಲಿ ಯಾವ ತಳಿ ಬಿತ್ತಬೇಕು ಎಂಬ ತೀರ್ಮಾನ ಸಾಮಾನ್ಯವಾಗಿ ಮನೆಯ ಗಂಡಸರದು. ಆದರೆ ಆ ತಳಿ ಕೊಟ್ಟಿಗೆಗೆ ಬಂದ ಮೇಲೆ ಕತ್ತರಿಸುವವರು, ಹಾಕುವವರು, ಹಾಲು ಕಡಿಮೆಯಾದಾಗ ಸಂಘದಲ್ಲಿ ಮಾತು ಕೇಳುವವರು ನೀವು. ಹಾಗಾಗಿ ಈ ಪಾಠ ನಿಮಗೆ. ಬಿತ್ತನೆಗೆ ಮೊದಲೇ ಮನೆಯಲ್ಲಿ ಇದನ್ನು ಓದಿ ಹೇಳಿ.

ಮೊದಲ ಪ್ರಶ್ನೆ: ತಳಿ ಬದಲಿಸಬೇಕೋ, ಕಟಾವಿನ ದಿನ ಬದಲಿಸಿದರೆ ಸಾಕೋ?

ಕಾಳಿಗಾಗಿ ಬೆಳೆಯುವ ಗೋವಿನಜೋಳ ಹೆಚ್ಚಾಗಿ ಹೈಬ್ರಿಡ್. ಗಿಡಕ್ಕೆ ದಪ್ಪ ತೆನೆ ಬರಲಿ ಎಂದು ಅದನ್ನು ತಯಾರಿಸಿರುತ್ತಾರೆ. ತೆನೆ ಪೂರ್ತಿ ಒಣಗುವವರೆಗೆ ಬಿಟ್ಟರೆ ದಂಟಿನ ಸತ್ವವೆಲ್ಲ ಕಾಳಿಗೆ ಇಳಿಯುತ್ತದೆ. ಉಳಿದ ದಂಟು ಗಟ್ಟಿಯಾಗಿ, ನಾರಾಗಿ, ಆಕಳು ಅರ್ಧ ತಿಂದು ಅರ್ಧ ಬಿಡುತ್ತದೆ.

ಆಫ್ರಿಕನ್ ಟಾಲ್ ಮೇವಿನ ತಳಿ. ಎಂಟು–ಹತ್ತು ಅಡಿ ಎತ್ತರ ಬೆಳೆಯುತ್ತದೆ, ಎಲೆ ಹೆಚ್ಚು. ನೀರು ಗೊಬ್ಬರ ಚೆನ್ನಾಗಿ ಸಿಕ್ಕರೆ ಎಕರೆಗೆ 14ರಿಂದ 16 ಟನ್ ಹಸಿ ಮೇವು ನಿರೀಕ್ಷಿಸಬಹುದು. ಮಳೆಯಾಶ್ರಿತದಲ್ಲಿ ಇಷ್ಟು ಬರುವುದಿಲ್ಲ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಇದು ಹೈಬ್ರಿಡ್ ಅಲ್ಲ, ಸಂಯುಕ್ತ ತಳಿ. ಒಂದು ಮೂಲೆಯಲ್ಲಿ ನಾಲ್ಕು ಸಾಲು ತೆನೆ ಒಣಗಲು ಬಿಟ್ಟರೆ ಮುಂದಿನ ವರ್ಷಕ್ಕೆ ಬೀಜ ನಿಮ್ಮದೇ. ಪಕ್ಕದ ಹೊಲದಲ್ಲಿ ಹೈಬ್ರಿಡ್ ಇದ್ದರೆ ಮಾತ್ರ ಪರಾಗ ಬೆರೆಯುತ್ತದೆ, ಬೀಜದ ಗುಣ ಕೆಡುತ್ತದೆ. ಆದ್ದರಿಂದ ಬೀಜದ ಸಾಲನ್ನು ಬೇರೆ ಗೋವಿನಜೋಳದಿಂದ ಆದಷ್ಟು ದೂರ ಇಡಿ.

ಆದರೆ ಒಂದು ಮಾತು. ನಿಮ್ಮ ಹೊಲದಲ್ಲಿ ಈಗಾಗಲೇ ಕಾಳಿನ ಹೈಬ್ರಿಡ್ ನಿಂತಿದ್ದರೆ, ಬೆಲೆ ಬೀಳುವ ಸುಳಿವು ಸಿಕ್ಕರೆ, ಅದನ್ನೇ ಹಸಿಯಿರುವಾಗ ಕಡಿದು ರಸಮೇವು ಮಾಡಬಹುದು. ತೆನೆ ಸಮೇತ ಕತ್ತರಿಸಿದ ಹೈಬ್ರಿಡ್ ಗೋವಿನಜೋಳದ ರಸಮೇವು ಶಕ್ತಿಯಲ್ಲಿ ಯಾವ ಮೇವಿನ ತಳಿಗೂ ಕಡಿಮೆಯಲ್ಲ, ಏಕೆಂದರೆ ಕಾಳೂ ಅದರೊಳಗೇ ಇರುತ್ತದೆ. ಹೊಸ ಬೀಜಕ್ಕೆ ಹಣ ಹಾಕುವ ಮೊದಲು ಈ ದಾರಿಯನ್ನೂ ನೋಡಿ. ಎಷ್ಟೋ ಮನೆಗಳಿಗೆ ಬೇಕಾಗಿರುವುದು ಹೊಸ ತಳಿಯಲ್ಲ, ಹಳೆ ತಳಿಯನ್ನು ಒಂದು ತಿಂಗಳು ಮೊದಲು ಕಡಿಯುವ ಧೈರ್ಯ.

ಎಷ್ಟು ಜಮೀನು? ಗೋದಲಿಯಿಂದ ಲೆಕ್ಕ ಶುರು ಮಾಡಿ

ಬೆಲೆ ಬಿದ್ದ ಸಿಟ್ಟಿನಲ್ಲಿ ಇಡೀ ಹೊಲಕ್ಕೆ ಮೇವು ಬಿತ್ತಬೇಡಿ. ಮೊದಲು ಗೋದಲಿ ನೋಡಿ, ಆಮೇಲೆ ಹೊಲ ನೋಡಿ.

ಎರಡು ಮಿಶ್ರತಳಿ ಆಕಳು ಇವೆ ಎಂದುಕೊಳ್ಳಿ.

• ಒಂದು ಆಕಳಿಗೆ ದಿನಕ್ಕೆ 20 ಕಿಲೊ ರಸಮೇವು. ಎರಡಕ್ಕೆ 40 ಕಿಲೊ.
• ಹಸಿರು ಮೇವು ಸಿಗದ ಕಾಲ ಜನವರಿಯಿಂದ ಮೇ, ಸುಮಾರು 150 ದಿನ. 40 ಕಿಲೊ × 150 = 6,000 ಕಿಲೊ.
• ಗುಂಡಿಯಲ್ಲಿ, ಕತ್ತರಿಸುವಾಗ, ಹಾಕುವಾಗ ಆಗುವ ನಷ್ಟಕ್ಕೆ ಇನ್ನೊಂದು 1,000 ಕಿಲೊ. ಒಟ್ಟು 7,000 ಕಿಲೊ ಹಸಿ ಮೇವು.
• ಎಕರೆಗೆ 14 ಟನ್ ಬರುವ ಹೊಲದಲ್ಲಿ ಇದಕ್ಕೆ ಬೇಕಾದದ್ದು ಅರ್ಧ ಎಕರೆ, ಅಂದರೆ 20 ಗುಂಟೆ.

ಎರಡು ಆಕಳ ಬೇಸಿಗೆಗೆ 20 ಗುಂಟೆ ಸಾಕು. ನಿಮ್ಮ ಹೊಲದಲ್ಲಿ ಇಳುವರಿ ಕಡಿಮೆಯಿದ್ದರೆ ಅದಕ್ಕೆ ತಕ್ಕಂತೆ ಗುಂಟೆ ಹೆಚ್ಚಿಸಿ. ಉಳಿದ ಜಮೀನಿನಲ್ಲಿ ಏನು ಬೆಳೆಯಬೇಕು ಎಂಬುದನ್ನು ಕೃಷಿ ಅಧಿಕಾರಿಗಳನ್ನು ಕೇಳಿ ನಿರ್ಧರಿಸಿ.

ಹಣದ ಲೆಕ್ಕ

ಇಲ್ಲಿ ಹಾಕಿದ ಅಂಕಿಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಇಳುವರಿ, ನಿಮ್ಮ ಊರಿನ ದರ ಹಾಕಿ ಮತ್ತೆ ಕೂಡಿ.

20 ಗುಂಟೆಯಲ್ಲಿ 10 ಕ್ವಿಂಟಲ್ ಕಾಳು ಬಂದು, ಕ್ವಿಂಟಲ್‌ಗೆ 1,800 ರೂಪಾಯಿ ಸಿಕ್ಕರೆ ಆದಾಯ 18,000 ರೂಪಾಯಿ. ಅದೇ 20 ಗುಂಟೆಯಿಂದ 6,000 ಕಿಲೊ ರಸಮೇವು ಸಿಕ್ಕರೆ, ಬೇಸಿಗೆಯಲ್ಲಿ ಅಷ್ಟೇ ಮೇವನ್ನು ಕಿಲೊಗೆ 5 ರೂಪಾಯಿಯಂತೆ ಕೊಳ್ಳಲು 30,000 ರೂಪಾಯಿ ಬೇಕಾಗುತ್ತಿತ್ತು. ಕತ್ತರಿಸುವ ಯಂತ್ರ, ಪ್ಲಾಸ್ಟಿಕ್ ಹಾಳೆ, ಕೂಲಿಗೆ 5,000 ರೂಪಾಯಿ ಹೆಚ್ಚುವರಿ ಖರ್ಚು ಕಳೆದರೆ 25,000. ಅಂದರೆ 7,000 ರೂಪಾಯಿ ಉಳಿತಾಯ.

ಈಗ ಕಾಳಿಗೆ 2,400 ರೂಪಾಯಿ ಸಿಕ್ಕರೆ? ಕಾಳಿನ ಆದಾಯ 24,000. ಉಳಿತಾಯ ಬರೀ 1,000ಕ್ಕೆ ಇಳಿಯಿತು. ಕಾಳಿನ ಬೆಳೆಯಲ್ಲಿ ಒಣ ದಂಟೂ ಸಿಗುತ್ತಿತ್ತು ಎಂಬುದನ್ನು ಸೇರಿಸಿದರೆ ಎರಡೂ ಸಮ. ಆದ್ದರಿಂದ ಮೇವಿನ ತಳಿ ಯಾವಾಗಲೂ ಲಾಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೇಸಿಗೆಯಲ್ಲಿ ಮೇವು ಕೊಳ್ಳುವ ಮನೆಗೆ ಅದು ಲಾಭ. ಹುಲ್ಲಿನ ಬಣವೆ ತುಂಬಿರುವ ಮನೆಗೆ ಅಷ್ಟಿಲ್ಲ.

ಲೆಕ್ಕಕ್ಕೆ ಸಿಗದ ಎರಡು ಸಂಗತಿಗಳೂ ಇವೆ. ಒಂದು, ಮೇವಿನ ಬೆಳೆ ಕಾಳಿನ ಬೆಳೆಗಿಂತ ಮೂರು–ನಾಲ್ಕು ವಾರ ಮೊದಲೇ ಹೊಲ ಬಿಡುತ್ತದೆ. ಮಣ್ಣಿನಲ್ಲಿ ಹಸಿ ಇರುವಾಗಲೇ ಕಡಲೆಯನ್ನೋ ಅಲಸಂದೆಯನ್ನೋ ಬಿತ್ತಬಹುದು. ಎರಡು, ಏಳು ಟನ್ ಮೇವು ಕಡಿದು ಕತ್ತರಿಸುವ ಕೆಲಸ. ಅದನ್ನು ಯಾರು ಮಾಡುತ್ತಾರೆ? ಕುಡುಗೋಲಿನಿಂದ ಮನೆಯ ಹೆಣ್ಣುಮಗಳು ಒಬ್ಬಳೇ ಮಾಡುವ ಕೆಲಸ ಇದಲ್ಲ. ಯಂತ್ರ ಮತ್ತು ಆಳಿನ ವ್ಯವಸ್ಥೆಯಾಗದೆ ಬಿತ್ತನೆಗೆ ಒಪ್ಪಬೇಡಿ.

ಊರೆಲ್ಲ ಒಟ್ಟಿಗೆ ಬದಲಾಯಿಸಿದರೆ

ಕಾಳಿನ ಬೆಲೆ ಬಿತ್ತು ಎಂದು ಊರೆಲ್ಲ ಮೇವು ಬಿತ್ತಿದರೆ ಏನಾಗುತ್ತದೆ? ಮೇವಿನ ಬೆಲೆ ಬೀಳುತ್ತದೆ. ಟೊಮೆಟೊ, ಈರುಳ್ಳಿಯಲ್ಲಿ ನಾವು ಪ್ರತಿ ಎರಡು–ಮೂರು ವರ್ಷಕ್ಕೊಮ್ಮೆ ನೋಡುವ ಆಟವೇ ಇದು. ಮೇವಿನಲ್ಲಿ ಕಷ್ಟ ಇನ್ನೂ ಹೆಚ್ಚು. ಹಸಿ ಮೇವಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಅದನ್ನು ಲಾರಿಗೆ ಹೇರಿ ದೂರ ಸಾಗಿಸಿದರೆ ಬಾಡಿಗೆಯಲ್ಲೇ ಹಣ ಹೋಗುತ್ತದೆ. ಎರಡು ದಿನ ಇಟ್ಟರೆ ಬಿಸಿಯಾಗಿ ಕೆಡುತ್ತದೆ.

ಹಾಗಾಗಿ ಮೇವನ್ನು ಮಾರುವ ಬೆಳೆ ಎಂದು ಎಣಿಸಬೇಡಿ. ಅದು ನಿಮ್ಮ ಆಕಳ ಮೂಲಕ ಹಾಲಾಗಿ ಮಾರಾಟವಾಗುವ ಬೆಳೆ. ಎಷ್ಟು ಆಕಳು ತಿನ್ನುತ್ತವೋ ಅಷ್ಟೇ ಬಿತ್ತಿ.

ರಸಮೇವು ಮಾಡುವ ವಿಧಾನ

ರಸಮೇವು ಅಂದರೆ ಸೈಲೇಜ್. ಮಾವಿನಕಾಯಿ ಉಪ್ಪಿನಕಾಯಿ ಹಾಕುವವರಿಗೆ ಇದರ ತತ್ವ ಹೊಸದಲ್ಲ. ಗಾಳಿ ಒಳಗೆ ಹೋಗಬಾರದು, ಹುಳಿ ಚೆನ್ನಾಗಿ ಹಿಡಿಯಬೇಕು.

1. ಕಟಾವಿನ ಹಂತ: ದಿನ ಎಣಿಸಬೇಡಿ, ಕಾಳು ನೋಡಿ. ಉಗುರಿನಿಂದ ಒತ್ತಿದಾಗ ಹಾಲು ಚಿಮ್ಮಿದರೆ ಇನ್ನೂ ಎಳೆಯದು. ಹಾಲು ಕಡಿಮೆಯಾಗಿ ಕಾಳು ಹಿಟ್ಟಿನಂತೆ ಆಗತೊಡಗಿದಾಗ ಕಡಿಯಿರಿ.

2. ತೇವದ ಪರೀಕ್ಷೆ: ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿ, ಕೈ ಬಿಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ತೇವ ಹೆಚ್ಚು. ಅರ್ಧ ದಿನ ಬಾಡಿಸಿ. ಉಂಡೆ ತಕ್ಷಣ ಉದುರಿದರೆ ಒಣಗಿದೆ. ಉಂಡೆ ನಿಧಾನವಾಗಿ ಬಿಚ್ಚಿಕೊಂಡು ಅಂಗೈ ಸ್ವಲ್ಪ ಒದ್ದೆಯಾದರೆ ಸರಿಯಾದ ಹದ.

3. ಕತ್ತರಿಸುವುದು: ಯಂತ್ರದಲ್ಲಿ ಸುಮಾರು ಒಂದು ಇಂಚು ಉದ್ದಕ್ಕೆ ಕತ್ತರಿಸಿ. ಉದ್ದವಾದರೆ ಒತ್ತಲು ಆಗುವುದಿಲ್ಲ, ಗಾಳಿ ಉಳಿಯುತ್ತದೆ. ಯಂತ್ರದ ಹತ್ತಿರ ಸೆರಗು, ವೇಲು, ಬಳೆ ಬಗ್ಗೆ ಎಚ್ಚರ. ಮಕ್ಕಳನ್ನು ದೂರ ಇಡಿ.

4. ಗುಂಡಿ: ಒಂದು ಘನ ಅಡಿಗೆ ಸುಮಾರು 15 ಕಿಲೊ ಹಿಡಿಯುತ್ತದೆ. 12 ಅಡಿ ಉದ್ದ, 8 ಅಡಿ ಅಗಲ, 5 ಅಡಿ ಆಳದ ಗುಂಡಿಯಲ್ಲಿ 7 ಟನ್ ತುಂಬಬಹುದು. ನೀರು ನಿಲ್ಲದ ಎತ್ತರದ ಜಾಗ ಆರಿಸಿ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಒಂದೇ ಆಕಳು ಇರುವವರಿಗೆ ಗುಂಡಿಗಿಂತ ಚೀಲ ಅನುಕೂಲ.

5. ತುಳಿಯುವುದು: ಅರ್ಧ ಅಡಿ ತುಂಬಿ ತುಳಿಯಿರಿ, ಮತ್ತೆ ಅರ್ಧ ಅಡಿ ತುಂಬಿ ತುಳಿಯಿರಿ. ಸಾಧ್ಯವಾದರೆ ಒಂದೇ ದಿನ, ಹೆಚ್ಚೆಂದರೆ ಎರಡು ದಿನದಲ್ಲಿ ಮುಗಿಸಿ. ಮೇಲೆ ಹಾಳೆ ಮುಚ್ಚಿ, ಮಣ್ಣು ಹೇರಿ. ಇಲಿ ತೂತು ಮಾಡಿದೆಯೇ ಎಂದು ವಾರಕ್ಕೊಮ್ಮೆ ನೋಡಿ.

6. ತೆರೆಯುವುದು: 45 ದಿನದ ನಂತರ ಒಂದು ಬದಿಯಿಂದ ಮಾತ್ರ ತೆರೆಯಿರಿ. ಹಳದಿ ಮಿಶ್ರಿತ ಹಸಿರು ಬಣ್ಣ, ಹುಳಿ ವಾಸನೆ ಇದ್ದರೆ ಒಳ್ಳೆಯದು. ಕಪ್ಪಾಗಿ, ಲೋಳೆಯಾಗಿ, ಬೂಸ್ಟು ಹಿಡಿದಿದ್ದರೆ ಆ ಭಾಗವನ್ನು ತಿಪ್ಪೆಗೆ ಹಾಕಿ. “ಇಷ್ಟು ಕಷ್ಟಪಟ್ಟಿದ್ದೇವೆ” ಎಂದು ಆಕಳಿಗೆ ಹಾಕಬೇಡಿ.

ಹೊಸ ಮೇವು ಹಾಕುವ ಮೊದಲ ಹತ್ತು ದಿನ

ಆಕಳ ಹೊಟ್ಟೆಯಲ್ಲಿ ಮೇವು ಅರಗಿಸುವುದು ಕೋಟ್ಯಂತರ ಸೂಕ್ಷ್ಮಜೀವಿಗಳು. ಅವು ಹಳೆ ಮೇವಿಗೆ ಒಗ್ಗಿರುತ್ತವೆ. ತಳಿ ಬದಲಿಸಿದರೂ, ಒಣ ಮೇವಿನಿಂದ ರಸಮೇವಿಗೆ ಬಂದರೂ ಅವುಗಳಿಗೆ ಸಮಯ ಬೇಕು. ಮೊದಲ ದಿನ 5 ಕಿಲೊ ಹಾಕಿ, ಎರಡು–ಮೂರು ದಿನಕ್ಕೊಮ್ಮೆ ಹೆಚ್ಚಿಸುತ್ತ ಹತ್ತು ದಿನದಲ್ಲಿ 20 ಕಿಲೊಗೆ ತನ್ನಿ. ಜೊತೆಗೆ 3–4 ಕಿಲೊ ಒಣ ಹುಲ್ಲು ಇರಲೇಬೇಕು. ಆರು ತಿಂಗಳೊಳಗಿನ ಕರುಗಳಿಗೆ ರಸಮೇವು ಬೇಡ. ಹಾಲಿಗೆ ಅದರ ವಾಸನೆ ಹತ್ತುತ್ತದೆ, ಆದ್ದರಿಂದ ಹಿಂಡಿದ ಮೇಲೆ ಹಾಕಿ.

ಗೋವಿನಜೋಳದ ಮೇವಿನಲ್ಲಿ ಶಕ್ತಿ ಹೆಚ್ಚು, ಪ್ರೋಟೀನ್ ಕಡಿಮೆ. ಹಸಿರು ಹಾಕುತ್ತಿದ್ದೇವೆ ಎಂದು ಪಶು ಆಹಾರ ಪೂರ್ತಿ ನಿಲ್ಲಿಸಿದರೆ ಹಾಲು ಇಳಿಯುತ್ತದೆ, ಎಸ್‌ಎನ್‌ಎಫ್ ಕೂಡ ಇಳಿಯುತ್ತದೆ. ಸಾಮಾನ್ಯ ಲೆಕ್ಕ ಹೀಗಿದೆ: 20 ಕಿಲೊ ಹಸಿ ಗೋವಿನಜೋಳ ಒಂದು ಕಿಲೊ ಪಶು ಆಹಾರಕ್ಕೆ ಸಮ, ಅಲಸಂದೆ, ಕುದುರೆ ಮೆಂತ್ಯದಂತಹ ದ್ವಿದಳ ಮೇವಾದರೆ 6–8 ಕಿಲೊ ಸಾಕು. ಅದಕ್ಕೇ ಗೋವಿನಜೋಳದ ಮೂರು ಸಾಲಿಗೆ ಒಂದು ಸಾಲು ಅಲಸಂದೆ ಬಿತ್ತಿ ಎಂದು ಹೇಳುವುದು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ನೇಪಿಯರ್ ಹುಲ್ಲು ಹಾಕುವವರಿಗೆ ಇದು ಇನ್ನೂ ಮುಖ್ಯ, ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ.

ಮೇವಿನ ಜೋಳ ಆರಿಸಿದವರಿಗೆ: ಎಳೆ ಬೆಳೆ ವಿಷ

ನೀರು ಕಡಿಮೆ ಇರುವವರು ಗೋವಿನಜೋಳ ಬಿಟ್ಟು ಸಿಒಎಫ್‌ಎಸ್-29ರಂತಹ ಬಹುಕಟಾವು ಮೇವಿನ ಜೋಳಕ್ಕೆ ಹೋಗುತ್ತಿದ್ದಾರೆ. ಒಮ್ಮೆ ಬಿತ್ತಿದರೆ ಮತ್ತೆ ಮತ್ತೆ ಕೊಯ್ಯಬಹುದು, ಒಳ್ಳೆಯ ಮೇವು. ಆದರೆ ಗೋವಿನಜೋಳ ಬೆಳೆದು ಅಭ್ಯಾಸವಾದವರಿಗೆ ಗೊತ್ತಿಲ್ಲದ ಒಂದು ಅಪಾಯ ಜೋಳದಲ್ಲಿದೆ. ಎಳೆ ಜೋಳದಲ್ಲಿ, ಮಳೆ ಇಲ್ಲದೆ ಬಾಡಿದ ಜೋಳದಲ್ಲಿ, ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲಿ ಸಯನೈಡ್ ವಿಷ ಉತ್ಪತ್ತಿಯಾಗುತ್ತದೆ.

ಹೊಲಕ್ಕೆ ನುಗ್ಗಿ ಎಳೆ ಜೋಳ ಮೇದ ಆಕಳು ಕೆಲವೇ ನಿಮಿಷದಲ್ಲಿ ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ತೂರಾಡಿ ಬೀಳುತ್ತದೆ. ಮನೆಮದ್ದಿಗೆ ಸಮಯವಿಲ್ಲ. ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ, “ಎಳೆ ಜೋಳ ತಿಂದಿದೆ” ಎಂದು ಮೊದಲ ಮಾತಿನಲ್ಲೇ ಹೇಳಿ. ಇದಕ್ಕೆ ಚುಚ್ಚುಮದ್ದು ಇದೆ. ಬೇಗ ಕೊಟ್ಟರೆ ಆಕಳು ಬದುಕುತ್ತದೆ.

ತಡೆಯುವುದು ಸುಲಭ. ಮೊದಲ ಕೊಯ್ಲು ಹೂ ಬರುವ ಹಂತದಲ್ಲಿ, ಸುಮಾರು 60–65 ದಿನಕ್ಕೆ ಮಾಡಿ. ಆಮೇಲಿನ ಕೊಯ್ಲುಗಳ ನಡುವೆ 45–50 ದಿನ ಬಿಡಿ. ಬಾಡಿದ ಬೆಳೆಗೆ ನೀರು ಕೊಟ್ಟು ಚೇತರಿಸಿಕೊಂಡ ಮೇಲೆ ಕೊಯ್ಯಿರಿ. ಕೂಳೆ ಚಿಗುರುವಾಗ ಆಕಳನ್ನು ಆ ಹೊಲದ ಬದುವಿನಲ್ಲಿ ಕಟ್ಟಬೇಡಿ.

ಮಾರದೆ ಉಳಿದ ಕಾಳು: ಕೊಟ್ಟಿಗೆಯ ದೊಡ್ಡ ಅಪಾಯ

ಬೆಲೆ ಬಿದ್ದ ವರ್ಷ ಕಾಳು ಅಂಗಳದಲ್ಲೇ ಉಳಿಯುತ್ತದೆ. ಅಂತಹ ತಿಂಗಳುಗಳಲ್ಲಿ ನಮಗೆ ಬರುವ ತುರ್ತು ಕರೆಗಳಲ್ಲಿ ಹೆಚ್ಚಿನವು ಒಂದೇ ರೀತಿ: ರಾತ್ರಿ ಹಗ್ಗ ಬಿಚ್ಚಿಕೊಂಡ ಆಕಳು ರಾಶಿಗೆ ಬಾಯಿ ಹಾಕಿದೆ. ಬೆಳಗ್ಗೆ ಮೆಲುಕು ನಿಲ್ಲಿಸಿದೆ, ಎಡಹೊಟ್ಟೆ ಉಬ್ಬಿದೆ, ಸಗಣಿ ತೆಳ್ಳಗೆ ಹುಳಿ ವಾಸನೆ, ನಿಂತಲ್ಲಿ ಓಲಾಡುತ್ತಿದೆ. ಕಾಳು ಹೊಟ್ಟೆಯಲ್ಲಿ ಬೇಗನೆ ಹುಳಿಯಾಗಿ ರಕ್ತಕ್ಕೆ ಆಮ್ಲ ಏರುವುದರಿಂದ ಹೀಗಾಗುತ್ತದೆ. ಒಂದು ದಿನ ತಡವಾದರೆ ಉಳಿಸುವುದು ಕಷ್ಟ.

ರಾಶಿ ತಿಂದದ್ದು ಗೊತ್ತಾದ ಕೂಡಲೇ, ಲಕ್ಷಣಕ್ಕೆ ಕಾಯದೆ ಪಶುವೈದ್ಯರನ್ನು ಕರೆಯಿರಿ. ಅವರು ಬರುವವರೆಗೆ ಆಕಳು ನಿಂತಿದ್ದು ಚೆನ್ನಾಗಿ ನುಂಗುತ್ತಿದ್ದರೆ ಮಾತ್ರ 150 ಗ್ರಾಂ ಅಡುಗೆ ಸೋಡಾವನ್ನು ಒಂದೆರಡು ಲೀಟರ್ ನೀರಿನಲ್ಲಿ ಕಲಸಿ ನಿಧಾನವಾಗಿ ಕುಡಿಸಿ. ಮಲಗಿದ ಆಕಳಿಗೆ ಗೊಟ್ಟದಿಂದ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಉಳಿದ ಕಾಳನ್ನು ಮನೆಯಲ್ಲೇ ಬಳಸಬಹುದು. ನುಚ್ಚು ಮಾಡಿ, ಹಿಂಡಿ ಮತ್ತು ತೌಡಿನ ಜೊತೆ ಬೆರೆಸಿ ಕೊಡಿ. ಮಿಶ್ರಣದಲ್ಲಿ ಗೋವಿನಜೋಳ ನೂರಕ್ಕೆ 35–40 ಭಾಗ, ಹಿಂಡಿ 25–30, ತೌಡು ಸುಮಾರು 30, ಖನಿಜ ಮಿಶ್ರಣ 2, ಉಪ್ಪು 1. ಬರೀ ನುಚ್ಚು ಹಾಕಿದರೆ ಆಕಳು ಮೈ ತುಂಬಿಕೊಳ್ಳಬಹುದು, ಹಾಲು ಹೆಚ್ಚುವುದಿಲ್ಲ.

ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ತೆನೆಯನ್ನು ಮಾತ್ರ ಆಕಳಿಗೆ ಕೊಡಲೇಬೇಡಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಆಕಳ ಯಕೃತ್ತನ್ನು ಕೆಡಿಸುತ್ತದೆ, ಹಾಲಿಗೂ ಇಳಿಯುತ್ತದೆ. ಕಾಯಿಸಿದರೆ ಹೋಗುವುದಿಲ್ಲ. ಹಾಲಿನಲ್ಲಿ ಕಾನೂನು ಒಪ್ಪುವ ಮಿತಿ ಕಿಲೊಗೆ ಅರ್ಧ ಮೈಕ್ರೊಗ್ರಾಂ ಮಾತ್ರ. ಆ ಹಾಲನ್ನು ಮೊದಲು ಕುಡಿಯುವವರು ನಿಮ್ಮ ಮನೆಯ ಮಕ್ಕಳೇ.

ಔಷಧ ಸಿಂಪಡಿಸಿದ ಬೆಳೆ ಮೇವಲ್ಲ

ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಗೋವಿನಜೋಳದ ಹೊಲದಲ್ಲೇ. ಈಗ ಅದು ಕಾಳಿನ ತಳಿ, ಮೇವಿನ ತಳಿ ಎನ್ನದೆ ಎರಡಕ್ಕೂ ಬೀಳುತ್ತದೆ. ಕಾಳಿನ ಬೆಳೆಗೆ ಹೊಡೆಯುವ ಔಷಧವನ್ನೇ ಮೇವಿಗೂ ಹೊಡೆದು ವಾರದೊಳಗೆ ಕೊಯ್ದರೆ ವಿಷ ನೇರವಾಗಿ ಗೋದಲಿಗೆ ಬರುತ್ತದೆ. ಯಾವ ಔಷಧ, ಎಷ್ಟು ದಿನ ಬಿಟ್ಟು ಕೊಯ್ಯಬೇಕು ಎಂದು ಕೃಷಿ ಅಧಿಕಾರಿಗಳನ್ನು ಕೇಳದೆ ಸಿಂಪಡಿಸಬೇಡಿ. ಸಿಂಪಡಿಸಿದ ದಿನವನ್ನು ಮನೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಮುಂದಿನ ಸಂಘದ ಸಭೆಯಲ್ಲಿ ಚರ್ಚಿಸಿ

1. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಮೇವು ಕೊಳ್ಳಲು ಎಷ್ಟು ಖರ್ಚಾಯಿತು? ಲೆಕ್ಕ ಬರೆದಿಟ್ಟಿದ್ದೇವೆಯೇ?
2. ನಮ್ಮ ಆಕಳುಗಳ ಸಂಖ್ಯೆಗೆ ಎಷ್ಟು ಗುಂಟೆ ಮೇವು ಬೇಕು?
3. ಊರಿನಲ್ಲಿ ಎಷ್ಟು ಮನೆಯವರು ಮೇವಿನ ತಳಿ ಬಿತ್ತಲು ಹೊರಟಿದ್ದಾರೆ? ಎಲ್ಲರಿಗೂ ಒಂದೇ ವಾರ ಯಂತ್ರ ಬೇಕಾದರೆ ಏನು ಮಾಡುವುದು?
4. ಮೇವು ಕತ್ತರಿಸುವ ಯಂತ್ರವನ್ನು ಐದಾರು ಮನೆಯವರು ಸೇರಿ ಬಳಸಬಹುದೇ? ಮುಯ್ಯಾಳಿನ ಪದ್ಧತಿಯಲ್ಲಿ ಗುಂಡಿ ತುಂಬಬಹುದೇ?
5. ಪಶುವೈದ್ಯರ ಫೋನ್ ಸಂಖ್ಯೆ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿದೆಯೇ?

ಕಾಳಿನ ಬೆಲೆ ಯಾರ್ಯಾರೋ ಎಲ್ಲೆಲ್ಲೋ ಕೂತು ನಿರ್ಧರಿಸುತ್ತಾರೆ. ಗೋದಲಿಗೆ ಏನು ಬೀಳಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಈ ಸಲ ಬೀಜದ ಚೀಲ ಮನೆಗೆ ಬರುವ ಮೊದಲು ಒಂದು ಕಾಗದ, ಪೆನ್ಸಿಲ್ ಹಿಡಿದು ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ಸಂದೇಹವಿದ್ದರೆ ನಿಮ್ಮ ಸಂಘಕ್ಕೆ ಬರುವ ಪಶುವೈದ್ಯರನ್ನು ಕೇಳಿ. ಆಕಳಿಗೆ ಕಾಯಿಲೆ ಬಂದಾಗ ಮಾತ್ರವಲ್ಲ, ಬಿತ್ತನೆಗೆ ಮೊದಲೂ ಕೇಳಬಹುದು.